ಉಪ್ಪಾಗೆ ಎಲ್ಲಿದೆ, ಎಷ್ಟಿದೆ, ಎತ್ತ ಹೊರಟಿದೆ

(ಶಿರಸಿಯಲ್ಲಿ ಗ್ರಾಮ ಅರಣ್ಯ ಸಮಿತಿಗಳ ಸದಸ್ಯರು, ತೋಟಿಗರು ಮತ್ತು ವಿದ್ಯಾರ್ಥಿಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ)

ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವವರಿಗೆ ರಸ್ತೆಯ ಎರಡೂ ಮಗ್ಗುಲಿಗೆ ಕಾಡೇ ಕಾಡು. ಬಸ್ಸಿನ ಕಿಟಕಿಯಿಂದ ನೋಡಿದರೆ ಏನೂ ಬದಲಾದಂತೆ ಕಾಣುವುದಿಲ್ಲ. ಅದೇ ಕಾಡಿನೊಳಗೆ ಇಳಿದು, ದೊಡ್ಡದೊಂದು ಉಪ್ಪಾಗೆ ಮರದ (ಹಣ್ಣಿನ ಸಿಪ್ಪೆಯನ್ನು ಅಡುಗೆಯ ಹುಳಿಗೆ ಬಳಸುವ ಕಾಡುಮರ) ಬುಡದಲ್ಲಿ ನಿಂತು, ಸುತ್ತಲಿನ ಹತ್ತು ಮಾರು ಜಾಗದಲ್ಲಿ ಮೊಣಕಾಲೆತ್ತರದ ಉಪ್ಪಾಗೆ ಸಸಿ ಎಷ್ಟಿವೆ ಎಂದು ಹುಡುಕಿ ನೋಡಿ. ಕೆಲವು ಕಡೆ ಹತ್ತಾರು ಸಿಗುತ್ತವೆ. ಕೆಲವು ಕಡೆ ಒಂದೂ ಸಿಗುವುದಿಲ್ಲ. ಮೇಲಿನ ಮರ ಎರಡೂ ಕಡೆ ಒಂದೇ ಥರ ಇರುತ್ತದೆ, ಕಾಯಿಯನ್ನೂ ಬಿಡುತ್ತಿರುತ್ತದೆ. ಆದರೆ ಎರಡನೆಯ ಜಾಗದಲ್ಲಿ ಉಪ್ಪಾಗೆ ಈಗಾಗಲೇ ಮುಗಿದಿದೆ. ಗೊತ್ತಾಗುವುದಕ್ಕೆ ಇನ್ನು ನಾಲ್ಕೈದು ದಶಕ ಬೇಕು, ಅಷ್ಟೆ.

ಇವತ್ತು ಹೇಳಬೇಕಾದ ಮುಖ್ಯ ಮಾತು ಇದೇ. ಕಾಡಿನ ದೊಡ್ಡ ಮರಗಳು ನಮ್ಮ ಅಜ್ಜಂದಿರ ಕಾಲದ ಕಾಡಿನ ಲೆಕ್ಕ ಹೇಳುತ್ತವೆ. ನಮ್ಮ ಮೊಮ್ಮಕ್ಕಳ ಕಾಲದ ಲೆಕ್ಕ ನೆಲಮಟ್ಟದಲ್ಲಿದೆ, ದರಕಿನ, ಅಂದರೆ ಉದುರಿದ ಒಣ ಎಲೆಗಳ ಅಡಿಯಲ್ಲಿದೆ. ಮರವೊಂದರ ಹರವು ಹಿಗ್ಗಿತೋ ಕುಗ್ಗಿತೋ, ಸಂಖ್ಯೆ ಏರಿತೋ ಇಳಿಯಿತೋ ಎಂದು ತಿಳಿಯಬೇಕಾದರೆ ಎರಡನ್ನೂ ಎಣಿಸಬೇಕು.

ಮೊದಲು ಹರವಿನ ಮಾತು. ಮರ ಎಲ್ಲಿಂದ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು ಎರಡು ಬಗೆಯಲ್ಲಿ ಅಳೆಯುತ್ತಾರೆ. ಅದು ಕಂಡ ಕೊನೆಕೊನೆಯ ಜಾಗಗಳನ್ನು ನಕ್ಷೆಯಲ್ಲಿ ಗೆರೆ ಎಳೆದು ಸೇರಿಸಿದರೆ ಬರುವ ಒಟ್ಟು ವಿಸ್ತಾರ ಒಂದು. ನಕ್ಷೆಯನ್ನು 2 ಕಿ.ಮೀ. × 2 ಕಿ.ಮೀ. ಮನೆಗಳಾಗಿ ಕತ್ತರಿಸಿ, ಮರ ನಿಜವಾಗಿ ಇರುವ ಮನೆಗಳನ್ನು ಮಾತ್ರ ಎಣಿಸುವುದು ಇನ್ನೊಂದು. ಅಳಿವಿನಂಚಿನ ಪಟ್ಟಿ ಮಾಡುವ ಐಯುಸಿಎನ್ ಈ ಎರಡನ್ನೂ ಬಳಸುತ್ತದೆ. ಮೊದಲನೆಯದನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೇವೆ. ಕಾರವಾರದ ಕಡೆ ಹತ್ತು ಮರ, ಭಟ್ಕಳದ ಕಡೆ ಹತ್ತು ಮರ ಉಳಿದು ನಡುವಿನದೆಲ್ಲ ಹೋದರೂ ಹೊರಗಿನ ಗೆರೆ ಕದಲುವುದಿಲ್ಲ. ಕಂಬಳಿಯ ಅಂಚು ಗಟ್ಟಿಯಾಗಿಯೇ ಇರುತ್ತದೆ, ಒಳಗೆಲ್ಲ ತೂತು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಗೆರೆಗಳನ್ನು ಎಳೆಯುವುದು ಮುಖ್ಯವಾಗಿ ನೀರು. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ.ಗೂ ಮೇಲೆ ಮಳೆ, ಘಟ್ಟದ ತಲೆಯಲ್ಲಿ ಅದಕ್ಕಿಂತ ಹೆಚ್ಚು. ಶಿರಸಿ ದಾಟಿ ಪೂರ್ವಕ್ಕೆ ಹೋದಂತೆ ಇಳಿಯುತ್ತ, ಮುಂಡಗೋಡ, ಹಳಿಯಾಳದ ಬಯಲು ಅಂಚಿಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಕಡಿಮೆ. ನೂರು ಕಿ.ಮೀ. ಒಳಗೆ ನಿತ್ಯಹಸಿರು ಕಾಡಿನಿಂದ ಎಲೆ ಉದುರಿಸುವ ಕಾಡಿಗೆ ಬಂದುಬಿಡುತ್ತೇವೆ. ಇದು ಪಶ್ಚಿಮದಿಂದ ಪೂರ್ವಕ್ಕೆ. ದಕ್ಷಿಣದಿಂದ ಉತ್ತರಕ್ಕೆ ಕೆಲಸ ಮಾಡುವುದು ಮಳೆಯ ಪ್ರಮಾಣ ಅಲ್ಲ, ಮಳೆ ಇಲ್ಲದ ತಿಂಗಳುಗಳು. ಕೇರಳದ ತುದಿಯಲ್ಲಿ ಒಣ ತಿಂಗಳು ಎರಡೋ ಮೂರೋ. ನಮ್ಮಲ್ಲಿ ಐದಾರು. ಒಟ್ಟು ಮಳೆ ನಮ್ಮಲ್ಲೇ ಹೆಚ್ಚು ಬಿದ್ದರೂ ಸಸಿಗೆ ಅದರಿಂದ ಪ್ರಯೋಜನ ಇಲ್ಲ. ಫೆಬ್ರವರಿಯಿಂದ ಮೇ ತನಕ ಬೇರಿಗೆ ತೇವ ಇದೆಯೇ ಎಂಬುದೇ ಪ್ರಶ್ನೆ. ಹಾಗಾಗಿ ತೆಂಕಣದ ಎಷ್ಟೋ ನಿತ್ಯಹಸಿರು ಮರಗಳ ಉತ್ತರದ ಗಡಿ ನಮ್ಮ ಜಿಲ್ಲೆಯಲ್ಲಿ ಬಂದು ನಿಲ್ಲುತ್ತದೆ.

ಉಪ್ಪಾಗೆ ಮತ್ತು ಮುರುಗಲು (ಕೋಕಂ) ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಗಾರ್ಸಿನಿಯಾ ಕುಲದವು, ದಾಯಾದಿಗಳು. ಮುರುಗಲಿನ ಮನೆ ಕೊಂಕಣ, ಗೋವಾ. ಅಲ್ಲಿಂದ ದಕ್ಷಿಣಕ್ಕೆ ಇಳಿದು ನಮ್ಮಲ್ಲಿಗೆ ಬರುತ್ತದೆ. ಉಪ್ಪಾಗೆಯ ಮನೆ ಕೇರಳ; ಅಲ್ಲಿಂದ ಉತ್ತರಕ್ಕೆ ಹತ್ತಿ ನಮ್ಮಲ್ಲಿಗೆ ಬರುತ್ತದೆ. ಮುರುಗಲು ಒಣ ತಿಂಗಳನ್ನು ಹೆಚ್ಚು ತಾಳುತ್ತದೆ. ಉಪ್ಪಾಗೆ ನೆರಳು, ತೇವ ಬಯಸುತ್ತದೆ. ಒಂದು ಊರಿನ ಅಡುಗೆಮನೆಯಲ್ಲಿ ಎರಡೂ ಹುಳಿ ಡಬ್ಬಿಯಲ್ಲಿರುವುದು ನಮ್ಮ ಸೀಮೆಯ ಭಾಗ್ಯ. ಎರಡು ಹರವುಗಳು ಒಂದರ ಮೇಲೊಂದು ಹಾಸಿಕೊಂಡಿರುವ ಜಾಗದಲ್ಲಿ ನಾವಿದ್ದೇವೆ.

ಬಿಸಿಲು ಏರಿದರೆ ಮರಗಳು ಬೆಟ್ಟ ಹತ್ತುತ್ತವೆ ಎಂದು ಕೇಳಿರುತ್ತೀರಿ. ಎತ್ತರದ ಬೆಟ್ಟ ಇರುವ ಕಡೆ ಅದು ಸರಿ. ನಮ್ಮ ಘಟ್ಟದ ತಲೆ ಬಹುಮಟ್ಟಿಗೆ 500ರಿಂದ 700 ಮೀಟರ್, ಅದರಾಚೆ ಹತ್ತಲು ಜಾಗವೇ ಇಲ್ಲ. ಇಲ್ಲಿ ನಿತ್ಯಹಸಿರು ಮರ ಸರಿಯುವುದಾದರೆ ಬದಿಗೆ ಸರಿಯಬೇಕು: ಒಣ ಗುಡ್ಡದಿಂದ ಹಳ್ಳದ ದಂಡೆಗೆ, ತೆರೆದ ಇಳಿಜಾರಿನಿಂದ ಕಣಿವೆಯ ಬುಡಕ್ಕೆ. ಬೇಸಿಗೆಯಲ್ಲೂ ನೀರು ಹರಿಯುವ ಸಣ್ಣ ಹಳ್ಳಗಳು ಇಷ್ಟು ಮುಖ್ಯ ಆಗುವುದು ಇದೇ ಕಾರಣಕ್ಕೆ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಅಂಥ ಆಶ್ರಯ. ಅಲ್ಲಿನ ಜೌಗಿನಲ್ಲಿ ರಾಮಪತ್ರೆಯ ಬಳಗದ ಮರಗಳು ಕೆಸರಿನಿಂದ ಮೊಣಕಾಲಿನಂತೆ ಬೇರು ಎತ್ತಿ ನಿಂತಿವೆ. ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ, ಗೇರಿನ ಕುಟುಂಬದ ಮರ ಅಲ್ಲೇ ಸಿಕ್ಕಿ, 2000ದಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ದಕ್ಷಿಣ ಕೇರಳದ್ದೇ ಎಂದು ತಿಳಿದಿದ್ದ ಮಧೂಕಾ ಬೋರ್ಡಿಲೋನಿ ಮತ್ತು ಸೈಜೀಜಿಯಮ್ ತಿರುವಾಂಕೋರಿಕಮ್ ಎಂಬ ಎರಡು ಮರಗಳೂ ಆಮೇಲೆ ನಮ್ಮ ಜಿಲ್ಲೆಯ ಇಂಥ ಉಳಿಕೆ ಕಾಡುಗಳಲ್ಲಿ ಕಂಡವು. ಒಂದೇ ದಿನದಲ್ಲಿ ನಕ್ಷೆಯ ಮೇಲಿನ ಹರವು ನೂರಾರು ಕಿ.ಮೀ. ಉತ್ತರಕ್ಕೆ ಹಿಗ್ಗಿತು. ಮರ ಮಾತ್ರ ಒಂದು ಮಾರೂ ನಡೆದಿರಲಿಲ್ಲ. ನೋಡುವ ಕಣ್ಣು ಅಲ್ಲಿಗೆ ಹೋಗಿತ್ತು. ಹರವು ಬದಲಾಯಿತು ಎಂಬ ಸುದ್ದಿ ಓದಿದಾಗಲೆಲ್ಲ ಬದಲಾದದ್ದು ಮರವೋ, ಹುಡುಕಿದ ದಾರಿಯೋ ಎಂದು ಮೊದಲು ಕೇಳಬೇಕು. ಹೆಚ್ಚಿನ ದಾಖಲೆಗಳು ರಸ್ತೆಯ ಬದಿಯವು. ಅವನ್ನೇ ಕಂಪ್ಯೂಟರಿಗೆ ಉಣಿಸಿ ಮಾಡಿದ ನಕ್ಷೆ ಮರದ ನಕ್ಷೆಗಿಂತ ರಸ್ತೆಯ ನಕ್ಷೆಯನ್ನೇ ಹೆಚ್ಚು ಹೋಲುತ್ತದೆ.

ಹಿಂದಿನ ಕಾಲದ ಕಾಡನ್ನು ತಿಳಿಯುವುದು ಹೇಗೆ? ಕಾರವಾರದ ಎದುರಿನ ಸಮುದ್ರ ಇದಕ್ಕೆ ಉತ್ತರ ಕೊಟ್ಟಿದೆ. ಕಾಳಿ ನದಿ ಮಣ್ಣಿನ ಜೊತೆ ಕಾಡಿನ ಪರಾಗವನ್ನೂ ಹೊತ್ತು ತಂದು ಕಡಲ ತಳದಲ್ಲಿ ಪದರಪದರವಾಗಿ ಇಳಿಸುತ್ತದೆ. ಪರಾಗದ ಹೊರಕವಚ ಕೊಳೆಯುವುದಿಲ್ಲ. ಕೊಳವೆ ಇಳಿಸಿ ಕೆಸರಿನ ಕಂಬ ತೆಗೆದು, ಪದರದ ವಯಸ್ಸನ್ನು ಇಂಗಾಲದಿಂದ ಅಳೆದು, ಆಮ್ಲದಲ್ಲಿ ಕೆಸರು ಕರಗಿಸಿ ಉಳಿದ ಪರಾಗವನ್ನು ಸೂಕ್ಷ್ಮದರ್ಶಕದಡಿ ಎಣಿಸುತ್ತಾರೆ. 1994ರಲ್ಲಿ ಪ್ರಕಟವಾದ ಫ್ರೆಂಚ್ ವಿಜ್ಞಾನಿಗಳ ಅಧ್ಯಯನದ ಪ್ರಕಾರ ಸುಮಾರು 3500 ವರ್ಷಗಳ ಹಿಂದೆ ಇಲ್ಲಿ ನಿತ್ಯಹಸಿರು ಕಾಡಿನ ಮತ್ತು ಅಳಿವೆಯ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಪರಾಗ ಕಡಿಮೆಯಾಯಿತು, ಬಯಲು ಹುಲ್ಲುಗಾಡಿನದು ಏರಿತು. ಮುಂಗಾರು ದುರ್ಬಲವಾದದ್ದರ ಗುರುತು ಅದು. ಕೊಡಲಿಗೂ ಮುಂಚೆ ಮಳೆಯೇ ಹರವನ್ನು ಕುಗ್ಗಿಸಿತ್ತು ಎಂಬುದು ಇದರಿಂದ ತಿಳಿಯುತ್ತದೆ. ಆದರೆ ಈ ವಿಧಾನಕ್ಕೊಂದು ಮಿತಿ ಇದೆ. ಗಾಳಿಗೆ ಪರಾಗ ತೂರುವ ಗಿಡಗಳು ಕೆಸರಿನಲ್ಲಿ ಢಾಳಾಗಿ ಕಾಣುತ್ತವೆ. ಕೀಟಗಳನ್ನು ನಂಬಿದ ಮರಗಳ ಪರಾಗ ಹೊಳೆಯವರೆಗೆ ಬರುವುದೇ ಅಪರೂಪ. ಕಡಲ ಕೆಸರು ಕಾಡಿನ ಕಥೆ ಹೇಳುತ್ತದೆ, ಉಪ್ಪಾಗೆಯ ಕಥೆ ಹೇಳುವುದಿಲ್ಲ.

ಹತ್ತಿರದ ಕಾಲಕ್ಕೆ ಬಂದರೆ ಮನುಷ್ಯನ ಕೈ ಎದ್ದು ಕಾಣುತ್ತದೆ. ಕುಮರಿ ಬೇಸಾಯಕ್ಕೆ ಕಾಡು ಕಡಿದು ಸುಟ್ಟು, ಒಂದೆರಡು ವರ್ಷ ರಾಗಿ ಬೆಳೆದು ಬಿಟ್ಟ ಜಾಗಗಳಲ್ಲಿ ನಿತ್ಯಹಸಿರು ಮರಗಳ ಬದಲು ಬಿಸಿಲು ಬಯಸುವ, ಸುಟ್ಟ ಬುಡದಿಂದ ಮತ್ತೆ ಚಿಗುರುವ ಮತ್ತಿ, ಕಿಂದಳ, ಜಂಬೆ, ನಂದಿ ಬಂದವು. 1860ರ ಹೊತ್ತಿಗೆ ಬ್ರಿಟಿಷ್ ಸರ್ಕಾರ ಕುಮರಿಗೆ ಕಡಿವಾಣ ಹಾಕಿತು. 1862ರಲ್ಲಿ ಜಿಲ್ಲೆ ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿದ ಮೇಲೆ ಸಾಗುವಾನಿಯೇ ಅರಣ್ಯ ಇಲಾಖೆಯ ಕೇಂದ್ರವಾಯಿತು. ಹಳಿಯಾಳ, ಯಲ್ಲಾಪುರದ ಕಡೆ ಸಾಗುವಾನಿ ತಾನಾಗಿಯೇ ಬೆಳೆಯುವ ಮರ. ಅದನ್ನು ಮಳೆ ಹೆಚ್ಚಿರುವ, ನೀರು ನಿಲ್ಲುವ ಜಾಗಕ್ಕೆ ಒಯ್ದು ನೆಟ್ಟ ಕಡೆ ಸೊರಗಿತು. ಹರವಿನ ಗಡಿಯನ್ನು ಸುತ್ತೋಲೆಯಿಂದ ಸರಿಸಲು ಆಗುವುದಿಲ್ಲ. ಈ ಎಲ್ಲದರ ನಡುವೆ ನಿತ್ಯಹಸಿರು ಮರಗಳು ಉಳಿದದ್ದು ದೇವರ ಹೆಸರಿನ ಕಾನುಗಳಲ್ಲಿ, ಅಂದರೆ ದಟ್ಟ ನಿತ್ಯಹಸಿರು ಕಾಡುಗಳಲ್ಲಿ. ಹೊನ್ನಾವರದ ಕರಿಕಾನಮ್ಮನ ಗುಡ್ಡದಲ್ಲಿ ಡಿಪ್ಟೆರೋಕಾರ್ಪಸ್ ಇಂಡಿಕಸ್ ಎಂಬ ನಿತ್ಯಹಸಿರು ಮರ ಇನ್ನೂ ನಿಂತಿರುವುದು ಅಲ್ಲಿ ಕೊಡಲಿ ಆಡದ ಕಾರಣಕ್ಕೆ.

ಇನ್ನು ಉಪ್ಪಾಗೆಗೆ ಬರೋಣ. ಇದರ ಹುಟ್ಟಿನ ದಾರಿ ಉದ್ದ. ಫೆಬ್ರವರಿ, ಮಾರ್ಚಿನಲ್ಲಿ ಹೂ, ಮಳೆಗಾಲದಲ್ಲಿ ಹಣ್ಣು. ಹಳದಿ ಬಣ್ಣದ, ಕುಂಬಳದಂತೆ ಗೀರುಗೀರಾದ ಹಣ್ಣಿನೊಳಗೆ ಬಿಳಿ ತಿರುಳು ಸುತ್ತಿಕೊಂಡ ಆರೆಂಟು ಬೀಜ. ಬೀಜಕ್ಕೆ ಎರಡು ಗುಣ. ಒಣಗಿದರೆ ಸಾಯುತ್ತದೆ, ಭತ್ತದ ಬೀಜದ ಹಾಗೆ ಕಣಜದಲ್ಲಿ ಇಡಲಾಗದು. ಆದರೂ ಕೂಡಲೇ ಮೊಳೆಯುವುದಿಲ್ಲ, ಗಟ್ಟಿ ಸಿಪ್ಪೆಯೊಳಗೆ ಐದಾರು ತಿಂಗಳು, ಕೆಲವು ಮುಂದಿನ ಮಳೆಯವರೆಗೂ ಮಲಗಿರುತ್ತವೆ. ಒಣಗಲೂ ಬಾರದು, ಮೊಳೆಯಲೂ ಆಗದು ಎಂಬ ಈ ಅರ್ಧ ವರ್ಷವನ್ನು ಅದು ದಾಟುವುದು ದರಕಿನ ಹೊದಿಕೆಯ ತೇವದಲ್ಲಿ. ಸೊಪ್ಪಿನ ಬೆಟ್ಟಗಳಲ್ಲಿ (ಅಡಿಕೆ ತೋಟದವರು ಸೊಪ್ಪು, ದರಕು ತರುವ ಕಾಡು) ಬೇಸಿಗೆಗೆ ಮುಂಚೆ ನೆಲ ಗುಡಿಸಿ ದರಕು ಒಯ್ಯುವ ಜಾಗದಲ್ಲಿ ಉಪ್ಪಾಗೆ ಸಸಿ ಏಕಿಲ್ಲ ಎಂಬುದಕ್ಕೆ ಬೇರೆ ವಿವರಣೆ ಹುಡುಕಬೇಕಿಲ್ಲ. ಮರ ಕಡಿದವರಿಲ್ಲ, ಬೆಂಕಿ ಹಾಕಿದವರಿಲ್ಲ. ಕೊಟ್ಟಿಗೆಗೆ ಹೋದ ದರಕಿನ ಹೆಡಿಗೆಯಲ್ಲೇ ಅದರ ಮುಂದಿನ ಪೀಳಿಗೆಯೂ ಹೋಗಿರುತ್ತದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಹಕ್ಕು ನಮ್ಮ ಜಿಲ್ಲೆಯಲ್ಲಿರುವುದರಿಂದ ಇದು ಸಣ್ಣ ವಿಸ್ತಾರದ ಮಾತಲ್ಲ. ಪರಿಹಾರ ಕಷ್ಟದ್ದೂ ಅಲ್ಲ: ಬೆಟ್ಟವನ್ನು ನಾಲ್ಕು ಪಾಲು ಮಾಡಿ, ವರ್ಷಕ್ಕೊಂದು ಪಾಲನ್ನು ಗುಡಿಸದೆ ಬಿಡುವುದು. ಉಪ್ಪಾಗೆ ತಾಯಿಮರದ ಸುತ್ತ ಐದಾರು ಮೀಟರ್ ಜಾಗವನ್ನಂತೂ ಯಾವ ವರ್ಷವೂ ಗುಡಿಸದೆ ಇರುವುದು.

1990ರ ದಶಕದಲ್ಲಿ ಇದಕ್ಕೆ ಇನ್ನೊಂದು ಪೆಟ್ಟು ಬಿತ್ತು. ಉಪ್ಪಾಗೆ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಪ್ರಚಾರದಿಂದ ವಿದೇಶಿ ಬೇಡಿಕೆ ಹುಟ್ಟಿ, ಶಿರಸಿ, ಸಿದ್ದಾಪುರದ ಕಾಡುಗಳಿಗೆ ಜನ ನುಗ್ಗಿದರು. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ ಅದರಿಂದ ಹೇಳಿಕೊಳ್ಳುವ ಪರಿಣಾಮ ಕಾಣಲಿಲ್ಲ, ಆದರೆ ಕಾಡಿನಲ್ಲಿ ಆಗುವುದು ಆಗಿತ್ತು. ಕಾಡಿನ ಮರಕ್ಕೆ ಒಡೆಯ ಇಲ್ಲ. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂದು ಕಾಯಿ ಹಸಿರಿರುವಾಗಲೇ ಕೊಯ್ಲು, ಕೈಗೆ ಸಿಗದ ಟೊಂಗೆಯನ್ನು ಕಡಿದೇ ಕೊಯ್ಲು. ಎಳೆಗಾಯಿಯ ಬೀಜ ಬಲಿತಿರುವುದಿಲ್ಲ, ಬಿದ್ದರೂ ಹುಟ್ಟದು. ಬಲಿತ ಬೀಜ ಸಿಪ್ಪೆಯ ಜೊತೆ ಮನೆಗೆ ಹೋಗುತ್ತದೆ, ಉಪ್ಪಾಗೆ ತುಪ್ಪವಾಗುತ್ತದೆ ಅಥವಾ ಅಂಗಳದಾಚೆ ರಾಶಿ ಬಿದ್ದು ಕೊಳೆಯುತ್ತದೆ. ಮಳೆಗಾಲದ ಹಣ್ಣಾದ್ದರಿಂದ ಬಿಸಿಲಿಗೆ ಒಣಗಿಸಲು ಬರುವುದಿಲ್ಲ. ತಟ್ಟಿಯ ಮೇಲೆ ಹರಡಿ ಕೆಳಗೆ ಹಗಲೂ ರಾತ್ರಿ ಬೆಂಕಿ. ಆ ಸೌದೆಗೆ ಹೋಗುವುದು ಸುತ್ತಲಿನ ಇತರ ಮರ. ಹೀಗೆ ಒಂದು ಮರದ ಬೇಡಿಕೆ ಹತ್ತು ಮರಗಳ ಸಂಖ್ಯೆಯನ್ನು ಇಳಿಸುತ್ತದೆ. ಹಣ್ಣು ತಿಂದು ಬೀಜವನ್ನು ದೂರ ಉಗುಳುವ ಸಿಂಗಳೀಕಕ್ಕೂ ಪಾಲು ಕಡಿಮೆಯಾಗುತ್ತದೆ. ಅವುಗಳಿಗಾಗಿ 2011ರಲ್ಲಿ ಅಘನಾಶಿನಿ ಸಂರಕ್ಷಿತ ಪ್ರದೇಶ ಘೋಷಣೆಯಾಯಿತು. ಅಲ್ಲೂ ಉಪ್ಪಾಗೆ ಕೊಯ್ಲಿನ ಕ್ರಮವೇ ದೊಡ್ಡ ಪ್ರಶ್ನೆ.

ಈಗ ಎಣಿಕೆ. ಇದನ್ನು ಯಾವ ಗ್ರಾಮ ಸಮಿತಿಯೂ ಮಾಡಬಹುದು. ಬೇಕಾದದ್ದು 50 ಮೀಟರಿನ ಟೇಪು, ಬಟ್ಟೆ ಹೊಲಿಯುವವರ ಅಳತೆ ಪಟ್ಟಿ, ನೈಲಾನ್ ಹಗ್ಗ, ಅಲ್ಯುಮಿನಿಯಂ ಬಿಲ್ಲೆ, ಮೊಳೆ, ಬಣ್ಣ, ಪೆನ್ಸಿಲ್. ಪೆನ್ನು ಬೇಡ, ನಮ್ಮ ಮಳೆಗೆ ಶಾಯಿ ನಿಲ್ಲುವುದಿಲ್ಲ. ನಾಲ್ಕು ಜನ.

ಕಾಡಿನೊಳಗೆ 180 ಮೀಟರ್ ಉದ್ದದ ನೇರ ಗೆರೆ ಹಿಡಿಯಿರಿ. ಮೊದಲ 20 ಮೀಟರಿಗೆ ಗೆರೆಯ ಎಡಕ್ಕೆ 20 × 20 ಮೀಟರಿನ ಚೌಕ, ಮುಂದಿನ 20 ಮೀಟರ್ ಖಾಲಿ, ಆಮೇಲೆ ಬಲಕ್ಕೆ ಚೌಕ. ಹೀಗೆ ಎಡಬಲ ಮಾಡುತ್ತ ಐದು ಚೌಕ. ಒಂದೊಂದು ಚೌಕ ಸುಮಾರು ನಾಲ್ಕು ಗುಂಟೆ. ಐದೂ ಸೇರಿ ಅರ್ಧ ಎಕರೆ, ಅಂದರೆ 0.2 ಹೆಕ್ಟೇರ್. ಚೌಕದೊಳಗೆ 30 ಸೆಂ.ಮೀ.ಗಿಂತ ಹೆಚ್ಚು ಸುತ್ತಳತೆಯ ಪ್ರತಿ ಮರವನ್ನೂ ಅಳೆಯಬೇಕು. ಪ್ರತಿ ಚೌಕದ ಎದುರುಬದುರು ಎರಡು ಮೂಲೆಗಳಲ್ಲಿ 5 × 5 ಮೀಟರಿನ ಕಿರುಚೌಕ ಹಾಕಿ, ಆಳೆತ್ತರದ ಎಳೆಮರ ಮತ್ತು ಸಸಿಗಳನ್ನು ಬೇರೆಬೇರೆಯಾಗಿ ಎಣಿಸಬೇಕು.

ಸುತ್ತಳತೆ ತೆಗೆಯುವುದು ಎದೆಯೆತ್ತರದಲ್ಲಿ, ನೆಲದಿಂದ 1.37 ಮೀಟರಿಗೆ. ಇಳಿಜಾರಿನಲ್ಲಿ ಮರದ ಮೇಲುಮಗ್ಗುಲಲ್ಲಿ ನಿಂತು ಅಳೆಯಬೇಕು. ಎದೆ ಯಾರದು ಎಂಬುದರ ಮೇಲೆ ಎತ್ತರ ಬದಲಾಗಬಾರದು, 1.37 ಮೀಟರಿಗೆ ಕತ್ತರಿಸಿದ ಒಂದು ಕೋಲು ಇಟ್ಟುಕೊಳ್ಳಿ. ಕೋಲು ಊರುವಾಗ ದರಕನ್ನು ಸರಿಸಿ ಮಣ್ಣಿಗೆ ತಾಗಿಸಿ. ಬಳ್ಳಿ ಸುತ್ತಿದ್ದರೆ ಅದರ ಅಡಿಯಿಂದ ಪಟ್ಟಿ ತೂರಿಸಿ. ಬುಡದಲ್ಲಿ ಗೋಡೆಯಂಥ ಬೇರು ಹರಡಿದ್ದರೆ ಅದು ಮುಗಿಯುವ ಮೇಲ್ಭಾಗದಲ್ಲಿ ಅಳೆದು, ಎಷ್ಟು ಎತ್ತರದಲ್ಲಿ ಅಳೆದಿರಿ ಎಂದು ಬರೆಯಿರಿ. ಅಳೆದ ಜಾಗಕ್ಕೆ ಬಣ್ಣದ ಗೆರೆ ಹಾಕಿ. ಐದು ವರ್ಷ ಬಿಟ್ಟು ಬಂದು ಮೂರು ಬೆರಳು ಮೇಲೆ ಅಳೆದರೆ ಮರ ಸಪೂರವಾದ ಲೆಕ್ಕ ಬರುತ್ತದೆ. ಇಂಥ ಕುಗ್ಗಿದ ಮರಗಳು ಹಳೆಯ ಪಟ್ಟಿಗಳಲ್ಲಿ ಬೇಕಾದಷ್ಟಿವೆ. ಬಿಲ್ಲೆಯ ಮೊಳೆಯನ್ನು ಪೂರ್ತಿ ಹೊಡೆಯಬೇಡಿ, ಎರಡು ಸೆಂ.ಮೀ. ಹೊರಗೆ ಬಿಡಿ. ಇಲ್ಲದಿದ್ದರೆ ತೊಗಟೆ ಬೆಳೆದು ಬಿಲ್ಲೆಯನ್ನೇ ನುಂಗುತ್ತದೆ.

ಲೆಕ್ಕಕ್ಕೆ ಒಂದು ಉದಾಹರಣೆ. ಐದು ಚೌಕದಲ್ಲಿ 14 ಉಪ್ಪಾಗೆ ಮರ ಸಿಕ್ಕಿದರೆ ಹೆಕ್ಟೇರಿಗೆ 70. ಹತ್ತು ಕಿರುಚೌಕಗಳ ವಿಸ್ತಾರ 250 ಚದರ ಮೀಟರ್. ಅದರಲ್ಲಿ 5 ಎಳೆಮರ ಇದ್ದರೆ ಹೆಕ್ಟೇರಿಗೆ 200. ಇಲ್ಲಿಯೇ ಎಡವುತ್ತೇವೆ. ಆ ಐದೂ ಒಂದೇ ಕಿರುಚೌಕದಲ್ಲಿ, ಒಂದೇ ತಾಯಿಮರದ ಅಡಿಯಲ್ಲಿ ಸಿಕ್ಕಿದ್ದರೆ 200 ಎಂಬುದು ಕಾಗದದ ಮೇಲಿನ ಅಂಕಿ. ಅದಕ್ಕೇ ಸರಾಸರಿಯ ಜೊತೆಗೆ ಹತ್ತರಲ್ಲಿ ಎಷ್ಟು ಕಿರುಚೌಕಗಳಲ್ಲಿ ಸಿಕ್ಕಿತು ಎಂದೂ ಬರೆಯಬೇಕು. ಹತ್ತರಲ್ಲಿ ಒಂದು ಮತ್ತು ಹತ್ತರಲ್ಲಿ ಐದು, ಇವೆರಡೂ ಬೇರೆಬೇರೆ ಕಾಡು.

ಸೊನ್ನೆಯನ್ನು ಇನ್ನೂ ಎಚ್ಚರದಿಂದ ಓದಬೇಕು. ಮರವೊಂದು ಹೆಕ್ಟೇರಿಗೆ ಎರಡರಂತೆ ಅಲ್ಲಲ್ಲಿ ಚದುರಿದೆ ಎನ್ನಿ. 0.2 ಹೆಕ್ಟೇರಿನ ನಮ್ಮ ಒಂದು ಗೆರೆಯಲ್ಲಿ ಅದು ಒಂದೂ ಸಿಗದೆ ಹೋಗುವ ಸಾಧ್ಯತೆ ನೂರಕ್ಕೆ 67. ಮೂರು ಗೆರೆಗಳಲ್ಲಿ ಎರಡು ಬರಿಗೈಯಲ್ಲಿ ಬರುತ್ತವೆ. ಅಪರೂಪದ ಮರ ಇಲ್ಲವೇ ಇಲ್ಲ ಎಂದು ಒಂದೇ ಗೆರೆ ನೋಡಿ ಬರೆಯುವುದು ದೊಡ್ಡ ತಪ್ಪು. ಜೌಗಿನ ಮರಗಳಂಥವಕ್ಕೆ ಚೌಕ ಬಿಟ್ಟು, ಹಳ್ಳದುದ್ದಕ್ಕೂ ನಡೆದು ಒಂದೊಂದನ್ನೇ ಎಣಿಸಬೇಕು.

ಗುರುತಿನ ತಪ್ಪು ಮತ್ತೊಂದು. ಹಣ್ಣಿಲ್ಲದಾಗ ಉಪ್ಪಾಗೆ, ಮುರುಗಲು, ಅದೇ ಕುಲದ ಇನ್ನೊಂದು ಮರ ಅರದಾಳ ಮೂರೂ ಒಂದೇ ಥರ: ಎದುರುಬದುರು ಎಲೆ, ಎಲ್ಲೇ ಗೀರಿದರೂ ಹಳದಿ ಹಾಲು. ಮುರುಗಲಿನ ಚಿಗುರು ಕೆಂಪು, ಎಲೆ ತೆಳು. ಉಪ್ಪಾಗೆಯ ಎಲೆ ದಪ್ಪ, ಕಡುಹಸಿರು. ಅರದಾಳದ ಹಾಲು ಹೆಸರಿಗೆ ತಕ್ಕ ಹಾಗೆ ಗಾಢ ಹಳದಿ. ಅನುಮಾನ ಇದ್ದರೆ 'ಗಾರ್ಸಿನಿಯಾ, ಖಚಿತವಿಲ್ಲ' ಎಂದೇ ಬರೆದು ಹಣ್ಣಿನ ಕಾಲಕ್ಕೆ ಮತ್ತೆ ಹೋಗಿ. ಹಾಗೆಯೇ, ಕಡಿದ ಬುಡದಿಂದ ಬಂದ ಚಿಗುರನ್ನು ಸಸಿ ಎಂದು ಎಣಿಸಬೇಡಿ. ನೆಲ ಕೆದರಿ ಬುಡ ನೋಡಿ. ಬೆಟ್ಟಗಳಲ್ಲಿ 'ಎಳೆಮರ' ಎಂದು ಕಾಣುವ ಎಷ್ಟೋ ಗಿಡಗಳು ಹಳೆಯ ಬೇರಿನ ಹೊಸ ಕೊಂಬೆಗಳು; ಅವು ಹೊಸ ಪೀಳಿಗೆ ಅಲ್ಲ.

ಉಪ್ಪಾಗೆಯಲ್ಲಿ ಗಂಡು, ಹೆಣ್ಣು ಬೇರೆ ಮರ. ಹೂ ಬಿಡುವಾಗ ಒಮ್ಮೆ ಹೋಗಿ ಬಿಲ್ಲೆಯ ಸಂಖ್ಯೆಯ ಎದುರು ಲಿಂಗ ಬರೆದುಕೊಳ್ಳಿ. 70 ಮರ ಇದೆ ಎಂದು ಹಿಗ್ಗಿದ ಕಡೆ ಕಾಯಿ ಬಿಡುವವು ಅರ್ಧಕ್ಕಿಂತ ಕಡಿಮೆ ಇರಬಹುದು. ಕಾಯಿ ಬಿಡದ್ದು ದಂಡ ಎಂದು ಗಂಡುಮರವನ್ನು ಸೌದೆಗೆ ಕಡಿದರೆ ಹೆಣ್ಣುಮರದ ಕಾಯಿಯೂ ಇಳಿಯುತ್ತದೆ.

ಅಂಕಿಗಳನ್ನು ಸುತ್ತಳತೆಯ ವರ್ಗಗಳಾಗಿ ಜೋಡಿಸಿ: ಸಸಿ, ಎಳೆಮರ, 30–60, 60–90, 90–120, ಅದಕ್ಕೂ ಮೇಲೆ. ಸಸಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಎಂದು ಇಳಿಯುವ ಮೆಟ್ಟಿಲು ಕಂಡರೆ ಮರ ತನ್ನ ಜಾಗದಲ್ಲಿ ನೆಲೆಯಾಗಿದೆ. ದೊಡ್ಡವೇ ಇದ್ದು ಕೆಳಗೆ ಖಾಲಿ ಇದ್ದರೆ ಪೀಳಿಗೆ ಕಡಿದಿದೆ. ಆದರೆ ಅವಸರದ ತೀರ್ಮಾನ ಬೇಡ. ಬೆಂಕಿ ಬೀಳದ, ದನ ನುಗ್ಗದ ಹಳೆಯ ಕುಮರಿ ಜಾಗದಲ್ಲಿ ಮತ್ತಿಯ ಮೆಟ್ಟಿಲೂ ಹೀಗೇ ಕಾಣುತ್ತದೆ: ಮೇಲೆ ದೊಡ್ಡ ಮತ್ತಿ, ಕೆಳಗೆ ಮತ್ತಿ ಸಸಿ ಇಲ್ಲ. ಅಲ್ಲಿ ಅಳಬೇಕಿಲ್ಲ. ಮತ್ತಿಯ ನೆರಳಿನಲ್ಲಿ ನಿತ್ಯಹಸಿರು ಸಸಿಗಳು ಎದ್ದಿದ್ದರೆ ಹಳೆಯ ಕಾಡು ಮರಳುತ್ತಿದೆ ಎಂದರ್ಥ. ಒಂದೇ ಆಕಾರದ ಅಂಕಿಗೆ ಎರಡು ಅರ್ಥ. ಯಾವುದು ಎಂದು ತಿಳಿಯಲು ಖಾಲಿಯಾದ ಜಾಗದಲ್ಲಿ ಏನು ಬರುತ್ತಿದೆ ಎಂದು ನೋಡಬೇಕು: ಸಸಿಯೋ, ಕಾಂಗ್ರೆಸ್ ಕಸವೋ, ಬರೀ ನೆಲವೋ.

ದಪ್ಪ ಇದ್ದದ್ದೆಲ್ಲ ಹಳೆಯ ಮರ ಎಂದೂ ತಿಳಿಯಬೇಡಿ. ಸಾಗುವಾನಿಗೆ ವರ್ಷಕ್ಕೊಂದು ಉಂಗುರ ಇದೆ, ವಯಸ್ಸು ಹೇಳಬಹುದು. ಉಪ್ಪಾಗೆಯಂಥ ನಿತ್ಯಹಸಿರು ಮರದಲ್ಲಿ ನಂಬುವಂಥ ಉಂಗುರ ಇಲ್ಲ. ಅದರ ಬೆಳವಣಿಗೆ ತಿಳಿಯಲು ಬಣ್ಣದ ಗೆರೆ ಹಾಕಿ ಐದೈದು ವರ್ಷಕ್ಕೆ ಅಳೆಯುವುದೊಂದೇ ದಾರಿ.

ಇಲಾಖೆಯ ಹಳೆಯ ದಾಖಲೆಗಳನ್ನು ಬಳಸುವವರಿಗೆ ಒಂದು ಮಾತು. ಹಿಂದಿನ ಎಣಿಕೆಗಳು ನಾಟಾ ಮರಗಳಿಗೆ ಮೀಸಲು, ಉಳಿದವೆಲ್ಲ 'ಜಂಗಲ್ ಜಾತಿ'. ಉಪ್ಪಾಗೆ ಪಟ್ಟಿಯಲ್ಲಿ ಇಲ್ಲದ್ದರಿಂದ ಕಾಡಿನಲ್ಲಿ ಇರಲಿಲ್ಲ ಎಂದಾಗುವುದಿಲ್ಲ. ಉಪ್ಪಾಗೆ ಕೊಯ್ಲಿನ ಟೆಂಡರಿನ ಕ್ವಿಂಟಲ್ ಲೆಕ್ಕವನ್ನೂ ಮರಗಳ ಸಂಖ್ಯೆಗೆ ಬದಲಿಯಾಗಿ ಹಿಡಿಯಬಾರದು. ಹೂವಿನ ಕಾಲದ ಮಳೆ, ಆ ವರ್ಷದ ಧಾರಣೆ, ಕೊಯ್ಯಲು ಹೋದ ಜನ ಎಲ್ಲ ಸೇರಿ ಅದು ಏರಿಳಿಯುತ್ತದೆ. ಬಿದಿರಿನ ಅನುಭವ ನೆನಪಿರಲಿ. ಬಿದಿರು ಮರವಲ್ಲ, ಹುಲ್ಲು. ಪಾಠ ಮಾತ್ರ ಒಂದೇ. ಕಾಗದದ ಕಾರ್ಖಾನೆಗೆ ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳುಕಂಟಿ ಸವರಿದರೆ ಒಳ್ಳೆಯದು ಎಂಬ ನಂಬಿಕೆ ಇತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ನಮ್ಮ ಜಿಲ್ಲೆಯಲ್ಲಿ ಪರಿಶೀಲಿಸಿದಾಗ, ಮುಳ್ಳು ಹೋದ ಮೇಲೆ ಕಳಲೆ ದನಕರು, ಕಾಡುಪ್ರಾಣಿಗಳ ಪಾಲಾಗುತ್ತದೆ ಎಂದು ತಿಳಿಯಿತು. ಗಳುಗಳ ಲೆಕ್ಕ ಇಟ್ಟಿದ್ದರು, ಕಳಲೆಯ ಲೆಕ್ಕ ಇಟ್ಟಿರಲಿಲ್ಲ.

ಈಗ ಉಪ್ಪಾಗೆ ಕಾಡಿನಿಂದ ತೋಟಕ್ಕೆ ಇಳಿಯುತ್ತಿದೆ. ಇದೂ ಹರವಿನ ಬದಲಾವಣೆಯೇ. ಬೀಜದ ಗಿಡ ಫಲ ಕೊಡಲು ಹತ್ತು ಹನ್ನೆರಡು ವರ್ಷ, ಕಸಿ ಗಿಡ ನಾಲ್ಕೈದು ವರ್ಷ. ಕಸಿಗೆ ಕುಡಿ ತೆಗೆಯುವಾಗ ನೆಟ್ಟಗೆ ಮೇಲಕ್ಕೆ ಬೆಳೆಯುವ ಟಿಸಿಲಿನಿಂದಲೇ ತೆಗೆಯಿರಿ. ಅಡ್ಡ ಟೊಂಗೆಯ ಕುಡಿ ಕಟ್ಟಿದರೆ ಗಿಡ ಎತ್ತರಕ್ಕೆ ಹೋಗದೆ ಬಳ್ಳಿಯಂತೆ ಬದಿಗೆ ಹಬ್ಬುತ್ತದೆ. ಹತ್ತಾರು ಹೆಣ್ಣು ಕಸಿಗಳ ನಡುವೆ ಒಂದೆರಡು ಗಂಡನ್ನೂ ಇಡಿ. ಒಂದೇ ತಾಯಿಮರದ ಕುಡಿಯನ್ನು ಇಡೀ ಊರಿಗೆ ಹಂಚಬೇಡಿ. ಮರಗಳ ಸಂಖ್ಯೆ ಏರಿ, ಬಗೆ ಒಂದೇ ಆಗಿಬಿಡುತ್ತದೆ. ಬೀಜದಿಂದಲೇ ಎಬ್ಬಿಸುವವರು ತಿರುಳು ತೊಳೆದು, ಹೊರಸಿಪ್ಪೆಯನ್ನು ಬೀಜಕ್ಕೆ ಗಾಯವಾಗದಂತೆ ಸುಲಿದು, ಒಣಗಲು ಬಿಡದೆ ಒದ್ದೆ ಮರಳಿನಲ್ಲಿ ಊರಿದರೆ ತಿಂಗಳುಗಟ್ಟಲೆ ಕಾಯುವುದು ತಪ್ಪುತ್ತದೆ. ಸಿಪ್ಪೆ ಬಿಡಿಸಿದ ಮನೆಯವರು ಬೀಜದಲ್ಲಿ ಒಂದು ಪಾಲನ್ನು ವಾರದೊಳಗೆ ಕಾಡಿನ ನೆರಳಿಗೆ ಒಯ್ದು ದರಕಿನ ಅಡಿಗೆ ಚೆಲ್ಲಿದರೂ ಸಾಕು. ಕೊಯ್ಯುವಾಗ ಮರದ ತುದಿಯ ಮೂರನೇ ಒಂದು ಭಾಗವನ್ನು ಸಿಂಗಳೀಕಕ್ಕೆ, ಮಂಗಟ್ಟೆಗೆ ಬಿಟ್ಟುಬಿಡಿ.

ಕೊನೆಗೆ ದಾಖಲೆ ಇಡುವ ಬಗೆ. ಮರದ ಅಳತೆ ಜನವರಿ, ಫೆಬ್ರವರಿಯಲ್ಲಿ, ಐದು ವರ್ಷಕ್ಕೊಮ್ಮೆ. ಸಸಿಗಳ ಎಣಿಕೆ ಪ್ರತಿ ವರ್ಷ, ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಒಮ್ಮೆ, ಬೇಸಿಗೆಯ ಕೊನೆಗೆ ಮೇ ತಿಂಗಳಲ್ಲಿ ಒಮ್ಮೆ. ಎರಡರ ನಡುವಿನ ವ್ಯತ್ಯಾಸವೇ ಒಣ ತಿಂಗಳು ಕೊಂದ ಲೆಕ್ಕ. ಪುಸ್ತಕದ ಒಂದು ಪ್ರತಿ ಸಮಿತಿಯಲ್ಲಿ, ಇನ್ನೊಂದು ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯ ಜೊತೆ ಇರಲಿ. ಮರಗಳ ಅಡಿಯಲ್ಲಿ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸುತ್ತದೆ. ಅದನ್ನೊಂದೇ ನಂಬದೆ ಗೆರೆ ಶುರುವಾಗುವ ಬಂಡೆ, ಹಳ್ಳ, ಅಗಳದ ತಿರುವು ಯಾವುದು, ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ಹೆಜ್ಜೆ ಎಂದು ಮೊದಲ ಪುಟದಲ್ಲೇ ಬರೆಯಿರಿ. ಐದು ವರ್ಷದ ನಂತರ ಬರುವವರು ಬೇರೆ ಜನ. ಅವರು ಇದೇ ಮರದ ಬುಡಕ್ಕೆ ಬಂದು ನಿಲ್ಲುವಂತಿರಬೇಕು.